ಎರಡನೇ ಹೆರಿಗೆಗೆ ಲಿಫ್ಟ್ ಮೆಕ್ಯಾನಿಕ್‌ನ ತಕರಾರು

ಗಂಡ: ತಲೆ ಮೇಲೆ ತಲೆ ಬಿದ್ರೂ ನಾನು ಒಪ್ಪಲ್ಲ ಡಾಕ್ಟ್ರೇ! ನೆಟ್ಟಗೆ ಆಪರೇಷನ್‌ಗೆ ದಿನ ಗೊತ್ತು ಮಾಡಿಬಿಡಿ.

ಹೆಂಡತಿ: ಹೊಟ್ಟೆ ಯಾರದ್ದು?

ಗಂಡ: ಹೊಟ್ಟೆ ನಿಂದೇ. ಒಡೆಯೋ ಎದೆ ನಂದು.

ಹೆರಿಗೆ ಡಾಕ್ಟರಮ್ಮ ರಕ್ತದೊತ್ತಡದ ಪಟ್ಟಿಯನ್ನು ಹೆಂಡತಿಯ ತೋಳಿಗೆ ಸುತ್ತುತ್ತಿದ್ದರು. ಸುತ್ತಬೇಕಾದದ್ದು ಗಂಡನ ತೋಳಿಗೋ ಏನೋ ಎಂಬ ಅನುಮಾನ ಅವರಿಗೂ ಬಂದಿರಬೇಕು. ಅವನು ಲಿಫ್ಟ್ ರಿಪೇರಿಯವನು. ಕೆಲಸದಿಂದ ನೇರವಾಗಿ ಬಂದಿದ್ದ. ಗ್ರೀಸು ಮೆತ್ತಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದ.

ಡಾಕ್ಟರ್: ಹಳೇ ಆಪರೇಷನ್ ಗಾಯ ಚೆನ್ನಾಗಿ ಮಾಗಿದೆ. ಮಗು ತಲೆ ಕೆಳಗಿದೆ. ಸಹಜ ಹೆರಿಗೆಗೆ ಪ್ರಯತ್ನ ಮಾಡಬಹುದು ಅಂತಿದೀನಿ, ಅಷ್ಟೇ.

ಗಂಡ: ಹೋದ ಸಲ ನೀವಿರಲಿಲ್ಲ, ನಿಮಗೆ ಗೊತ್ತಿಲ್ಲ. ಅಬ್ಬಬ್ಬಾ, ಆ ನೋವು! ಆ ರಕ್ತ! ಆ ಹೊಲಿಗೆ ಇವತ್ತಿಗೂ ಚಳಿ ಬಂದ್ರೆ ಚುರುಚುರು ಅನ್ನುತ್ತೆ.

ಡಾಕ್ಟರ್: (ಗಾಬರಿಯಿಂದ, ಹೆಂಡತಿಗೆ) ಇವತ್ತಿಗೂ ನೋವಿದೆಯಾ? ನನಗೆ ಹೇಳಲೇ ಇಲ್ಲ! ಎಲ್ಲಿ?

ಹೆಂಡತಿ: ಅವರ ಹುಬ್ಬಿನ ಮೇಲೆ.

ಡಾಕ್ಟರ್: ಏನು?

ಹೆಂಡತಿ: ನಾನು ನೋವು ತಿಂತಾ ಇದ್ದೆ, ಇವರು ದಬಕ್ಕಂತ ಬಿದ್ರು. ಟ್ರಾಲಿ ಮೂಲೆ ತಗುಲ್ತು. ಇದ್ದಬದ್ದ ನರ್ಸುಗಳೆಲ್ಲಾ ಅತ್ತ ಓಡಿದ್ರು. ಹೆರೋಳು ನಾನು, ಉಪಚಾರ ಇವರಿಗೆ!

ಗಂಡ: ಮಗು ಅರ್ಧದಲ್ಲೇ ಸಿಕ್ಕಿಹಾಕ್ಕೊಂಡಿತ್ತಲ್ಲೇ! ಬೀಸೋ ದೊಣ್ಣೆ ಒಂದು ಸಲ ತಪ್ಪಿದೆ. ಮತ್ತೆ ಅದರ ಕೆಳಗೇ ಹೋಗಿ ನಿಲ್ತೀನಿ ಅಂತೀಯಲ್ಲ!

ಹೆಂಡತಿ: ನಿಮಗೆಲ್ಲಿ ತಪ್ತು? ಹುಬ್ಬಿಗೆ ಬಿತ್ತಲ್ಲ.

ಗಂಡ: ನಗಬೇಡ. ನೀನು ಉಳಿಯಲ್ಲ ಅಂದ್ಕೊಂಡೆ ನಾನು.

ಹೆಂಡತಿ: ನನಗೂ ಭಯ ಇಲ್ಲ ಅಂದ್ಕೊಂಡ್ರಾ? ಆದ್ರೆ ಅವತ್ತು ಅವಸರಕ್ಕೆ ಪ್ರಜ್ಞೆ ತಪ್ಪಿಸಿ ಮಗು ತೆಗೆದ್ರು. ನಾನು ಕಣ್ಣು ಬಿಡೋಷ್ಟರಲ್ಲಿ ಅತ್ತೆ ನೋಡಿದ್ರು, ನಾದಿನಿ ನೋಡಿದ್ಲು, ವಾರ್ಡಿನ ಆಯಾ ನೋಡಿ ಮೂಗು ಅಪ್ಪಂದೇ ಅಂತ ತೀರ್ಪೂ ಕೊಟ್ಟಾಗಿತ್ತು. ಹೆತ್ತ ನಾನೇ ಕೊನೇವಳು! ಈ ಸಲ ಮೊದಲು ನಾನು ನೋಡಬೇಕು.

ಗಂಡ: ಈಗ ಬೆನ್ನಿಗೆ ಸೂಜಿ ಕೊಡ್ತಾರಂತೆ. ಆಪರೇಷನ್ ಆದ್ರೂ ಎಚ್ಚರವಾಗೇ ಇರ್ತೀಯ.

ಹೆಂಡತಿ: ಇದ್ದು? ಅಡ್ಡ ಕಟ್ಟಿದ ಪರದೆ ನೋಡ್ಲಾ?

ಗಂಡ ಕೈಗಳನ್ನು ಪ್ಯಾಂಟಿಗೇ ಒರೆಸಿಕೊಂಡ.

ಗಂಡ: (ಮೆತ್ತಗೆ) ಒಂದು ಸಲ ಸಿಕ್ಕಿಹಾಕ್ಕೊಂಡ ಲಿಫ್ಟು ಮತ್ತೆ ಸಿಕ್ಕಿಹಾಕ್ಕೊಳ್ಳುತ್ತೆ ಕಣೇ. ನನ್ನ ಕಸುಬು, ನನಗೆ ಗೊತ್ತಿಲ್ವಾ?

ಡಾಕ್ಟರ್: ಸರಿ. ಲಿಫ್ಟು ಮಧ್ಯದಲ್ಲಿ ನಿಂತ್ರೆ ಹೋದ ಕೂಡ್ಲೇ ಗೋಡೆ ಒಡೀತೀರಾ?

ಗಂಡ: ಛೇ ಛೇ! ಅಡ್ಡಕಸುಬಿಗಳು ಮಾಡೋ ಕೆಲಸ ಅದು. ಮೇಲೆ ಹೋಗಿ ಬ್ರೇಕು ಸಡಿಲಿಸಿ, ಕೈಯಲ್ಲೇ ನಿಧಾನಕ್ಕೆ ಕೆಳಗಿಳಿಸಿ ಬಾಗಿಲು ತೆಗೀತೀವಿ. ಒಳಗಿದ್ದೋರು ತಾವಾಗಿ ಬರ್ತಾರೆ. ಒಡೆಯೋದು ಬೇರೆ ದಾರಿ ಇಲ್ಲದಾಗ.

ಹೆಂಡತಿ ಡಾಕ್ಟರಮ್ಮನ ಮುಖ ನೋಡಿದಳು. ಡಾಕ್ಟರಮ್ಮ ಅವನ ಮುಖ ನೋಡಿದರು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದದ್ದು ಅವನಿಗೆ ತುಸು ತಡವಾಗಿ ತಿಳಿಯಿತು.

ಡಾಕ್ಟರ್: ನಾನೂ ಅದನ್ನೇ ಹೇಳ್ತಿರೋದು. ಮಗುವಿನ ಎದೆಬಡಿತ ನೋಡ್ತಾನೇ ಇರ್ತೀವಿ. ಹೆಚ್ಚುಕಮ್ಮಿ ಅನ್ನಿಸಿದ್ರೆ ಆಪರೇಷನ್ ಕೋಣೆ ಪಕ್ಕದಲ್ಲೇ ಸಿದ್ಧ.

ಗಂಡ: ಮತ್ತೆ ನಾನು?

ಡಾಕ್ಟರ್: ನಿಮಗೊಂದು ಕುರ್ಚಿ. ಎರಡು ಕಡೆ ಕೈ ಇರೋದು.

ಹೆಂಡತಿ: ಅದಿರಲಿ, ಲಿಫ್ಟೊಳಗೆ ಸಿಕ್ಕೊಂಡೋರು ಕೂಗಾಡ್ತಾರಲ್ಲ, ಅವರಿಗೇನು ಹೇಳ್ತೀರಿ?

ಗಂಡ: ಬಾಗಿಲ ಸಂದಿಗೆ ಬಾಯಿಟ್ಟು ಹೇಳ್ತೀವಿ, "ಹೆದರಬೇಡಿ, ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ" ಅಂತ.

ಹೆಂಡತಿ: ಅದನ್ನ ಈ ಸಲ ನೀವು ನನಗೆ ಹೇಳಿ. ಹೋದ ಸಲ ನಾನು ನಿಮಗೆ ಹೇಳಿದ್ದೆ.