ಅತ್ತೆಯ ತಾಳಿಗುಂಡು ನುಂಗಿದ ರಾಜನೀರು

ನಮ್ಮ ಸೋದರಮಾವನ ಬಾಯಲ್ಲಿ ದೇವರ ಹೆಸರಿಗಿಂತ ಹೆಚ್ಚು ಓಡಾಡುವುದು ಒಂದು ಲ್ಯಾಟಿನ್ ಹೆಸರು: ಆಕ್ವಾ ರೀಜಿಯಾ! ಅಂದರೆ ರಾಜನೀರು. ಒಂದು ಪಾಲು ನೈಟ್ರಿಕ್ ಆಮ್ಲ, ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲ. ಬೇರೆ ಬೇರೆಯಾಗಿ ಇವು ಬಂಗಾರದ ಕೂದಲೂ ಕೊಂಕಿಸಲಾರವು, ಜೊತೆಯಾದರೆ ಕುಡಿದೇಬಿಡುತ್ತವೆ. ಇದನ್ನು ಮಾವ ತಿಥಿಮನೆಯಲ್ಲೂ ಹೇಳಿದ್ದಾನೆ, ಬಂಗಾರಪೇಟೆ ಬಸ್ಸಿನ ಕಂಡಕ್ಟರಿಗೂ ಹೇಳಿದ್ದಾನೆ. ಟಿಕೆಟ್ ತೆಗೆದುಕೊಳ್ಳುವುದನ್ನು ಮಾತ್ರ ಮರೆತಿದ್ದಾನೆ!

ಚಿನ್ನದ ಗಣಿಯ ಪ್ರಯೋಗಾಲಯದಲ್ಲಿದ್ದವನು. ಗಣಿ ಮುಚ್ಚಿತು, ಮಾವ ಮುಚ್ಚಲಿಲ್ಲ. ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಯ ಅಂಗಡಿ ಗುಡಿಸಿದ ಧೂಳು ತಂದು, ಉರಿಗಾಂ ಮನೆಯ ಹಿತ್ತಲಲ್ಲಿ ಅದರೊಳಗಿನ ಬಂಗಾರ ಕರಗಿಸಿ ತೆಗೆಯುತ್ತಾನೆ. ಆ ಹೊಗೆಗೆ ಅತ್ತೆಯ ಮೂಗು ಎಂದೋ ರಾಜೀನಾಮೆ ಕೊಟ್ಟಿದೆ.

ಇಲ್ಲದಿದ್ದರೆ ಆ ಅನಾಹುತ ಆಗುತ್ತಿತ್ತೆ? ಹಬ್ಬಕ್ಕೆ ತಾಳಿಯ ದಾರ ಬದಲಿಸುವಾಗ ಅತ್ತೆ ಚಿನ್ನದ ಗುಂಡುಗಳನ್ನು ಅಂಟುವಾಳದ ನೀರಲ್ಲಿ ನೆನೆಹಾಕುತ್ತಾಳೆ. ಈ ಸಲ ಹಿತ್ತಲ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ, ಎರಡರಲ್ಲೂ ಹಳದಿ ನೀರು. ಒಂದು ಮಾವ ಆಗಷ್ಟೇ ಬೆರೆಸಿಟ್ಟದ್ದು. ಅತ್ತೆ ಅದಕ್ಕೇ ಹಾಕಿದಳು. ಅಡುಗೆ, ಊಟ, ಸಣ್ಣ ನಿದ್ದೆ ಮುಗಿಸಿ ಬಂದು ನೋಡಿದರೆ ಗುಂಡೂ ಇಲ್ಲ, ಗಿಂಡೂ ಇಲ್ಲ!

“ಅಯ್ಯಯ್ಯೋ, ನಮ್ಮಪ್ಪ ಮಾಡಿಸ್ಕೊಟ್ಟ ಗುಂಡು! ನಿಮ್ಮ ಆಳಾದ್ ನೀರು ನುಂಗ್ಬಿಡ್ತಲ್ರೀ!”

“ಎಲ್ಲೂ ಓಗಿಲ್ಲ ಕಣೇ, ಅದರಾಗೇ ಅವೆ. ಬರಿಸ್ತೀನಿ ಇರು!”

“ಬರಿಸ್ದಿದ್ರೆ ನಾನು ಬಂಗಾರಪೇಟೆಗೆ ಓಗ್ತೀನಿ, ತವರಿಗೆ! ತಿರುಗಿ ಬರಾಕಿಲ್ಲ!”

ಮಾವ ನೀರನ್ನು ಒಳಗೊಯ್ದು ಬಾಗಿಲು ಹಾಕಿಕೊಂಡ. ಮಾರನೆಯ ದಿನ ಹೊರಗೆ ತಂದು, ಸೋಸಿ, ನಮ್ಮೆದುರೇ, ಕರಗಿದ ಬಂಗಾರವನ್ನು ತಳಕ್ಕಿಳಿಸುವ ಅನ್ನಭೇದಿಯ ನೀರು ಸುರಿದ. ತಳದಲ್ಲಿ ಕಂದು ಕೆಸರು ಕೂತಿತು.

“ಇದು ಬಂಗಾರವಾ, ಕಾಫಿ ಚರಟವಾ?” ಎಂದು ಅತ್ತೆ ಇನ್ನೂ ಜೋರಾಗಿ ಅತ್ತಳು.

ಆದರೆ ನಾವೆಲ್ಲ ಅಂಗಡಿಗೆ ಹೋಗಿ ಕೊಟ್ಟಾಗ, ಅಕ್ಕಸಾಲಿ ಆ ಕೆಸರನ್ನು ಮೂಸೆಗೆ ಹಾಕಿ ಕಾಯಿಸಿದ್ದೇ ತಡ, ಫಳಫಳ ಹೊಳೆಯುವ ಗಟ್ಟಿ ಬಂಗಾರ! ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಾವನ ಎದೆ ಅಂಗಡಿಯಲ್ಲಿ ಹಿಡಿಸಲಿಲ್ಲ!

ಅಕ್ಕಸಾಲಿ ತೂಕ ಹಾಕಿ ತಲೆ ಕೆರೆದುಕೊಂಡ. “ಆ ಗುಂಡು ಮಾಡ್ದೋನು ನಾನೇ ಸಾಮಿ. ತಾಮ್ರ ಓಗಿ ತೂಕ ಕಮ್ಮಿ ಆಗ್ಬೇಕಿತ್ತು. ಇದು ಜಾಸ್ತಿ ಅದೆ!”

“ರಾಜನೀರು ಕಣಯ್ಯಾ! ಇಸ್ಕೊಂಡಿದ್ದಕ್ಕಿಂತ ಹೆಚ್ಚೇ ಕೊಡ್ತದೆ!” ಎಂದು ಮಾವ ಗಹಗಹಿಸಿದ.

ಅತ್ತೆ ನಗಲಿಲ್ಲ. ಅವನ ಕೈ ನೋಡುತ್ತಿದ್ದಳು. ನಾನೂ ನೋಡಿದೆ. ಮದುವೆಯಲ್ಲಿ ಹಾಕಿದ, ಎಂದೂ ತೆಗೆಯದ ಬಂಗಾರದ ಉಂಗುರ ಬೆರಳಲ್ಲಿರಲಿಲ್ಲ; ಅದಿದ್ದ ಜಾಗ ಬೆಳ್ಳಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಕ್ಕಸಾಲಿಗೆ ಹೇಳಿದಳು: “ಗುಂಡು ಚಿಕ್ಕವಾದ್ರೂ ಆಗ್ಲಿ. ಮೊದ್ಲು ಇವರ ಬೆರಳಿನ ಅಳತೆ ತಗೊಳಪ್ಪಾ.”