ಆಫ್ರಿಕದ ದೃಷ್ಟಿಗೊಂಬೆ

ಮುಖವಾಡದ ಹಿಂಬದಿಯಿಂದ ಚಿಟಿಕೆಯಷ್ಟು ಮರದ ಪುಡಿ ಉದುರಿದ್ದೇ ವಾಗೀಶನ ಗ್ರಹಚಾರಕ್ಕೆ ಮೂಲ. ಹುಳು ಹಿಡಿದಿರಬಹುದೆಂದು ಗಾಬರಿಯಾಗಿ, ಆಫ್ರಿಕದಿಂದ ಬಂದ ಆ ಹಳೆಯ ಮುಖವಾಡವನ್ನು ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗಿಟ್ಟು ಸ್ನಾನಕ್ಕೆ ಹೋದ. ತಲೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ಗೋಡೆ ಬರಿದು.

ಶ್ರೀರಾಂಪುರದ ಅವನ ಪುಟ್ಟ ಮನೆಯ ಹಾಲಿನಲ್ಲಿ, ಅವನು ಸಂಗ್ರಹಿಸಿಟ್ಟ ಮೆಕ್ಸಿಕೊದ ಮಣ್ಣಿನ ಅಸ್ಥಿಪಂಜರ, ಬಾಲಿ ದ್ವೀಪದ ಹಲ್ಲುಕಿರಿಯುವ ರಾಕ್ಷಸ, ರಷ್ಯದ ಮರದ ಕರಡಿ ಎಲ್ಲ ಇದ್ದವು. ನೆಂಟರು ಕೂರಲು ಮಾತ್ರ ಜಾಗವಿರಲಿಲ್ಲ. ಹೆಂಡತಿ ಧರಣಿ ಕೊನೆಯ ಎಚ್ಚರಿಕೆ ಕೊಟ್ಟಾಗಿತ್ತು: "ತಿಳಿದೋರು ಒಬ್ರು ಬಂದು ಇದನ್ನ ಕಲೆ ಅನ್ಲಿ, ನಾನು ಬಾಯಿ ಮುಚ್ಕೋತೀನಿ. ಇಲ್ದಿದ್ರೆ ಎಲ್ಲಾ ಅಟ್ಟಕ್ಕೆ."

ಹಾಗೆಂದೇ ಜಾನಪದ ಕಲೆಯ ಪ್ರದರ್ಶನ ನಡೆಸುವ ಅಶೋಕಪುರಂನ ಸಂಘಮಿತ್ರ ಮೇಡಂ ಅವರನ್ನು ವಾಗೀಶ ಕಾಡಿ ಬೇಡಿ ಒಪ್ಪಿಸಿದ್ದ. ಅವರು ಬರುವುದು ಇವತ್ತೇ ಮಧ್ಯಾಹ್ನ. ಅವನು ನಂಬಿ ಕೂತಿದ್ದದ್ದು ಆ ಮುಖವಾಡವನ್ನೇ.

"ಧರಣೀ, ಮುಖವಾಡ ಎಲ್ಲೇ?"

"ಪಕ್ಕದ್ಮನೆ ದೇವಿರಮ್ಮನೋರಿಗೆ ಕೊಟ್ಟೆ. ಇವತ್ತು ಮೇಲ್ಮನೆಗೆ ತಾರಸಿ ಹಾಕಿಸ್ತಿದಾರೆ, ದೃಷ್ಟಿಗೊಂಬೆ ಬೇಕಿತ್ತಂತೆ. ಹುಳ ಬಿದ್ದದ್ದು ಅಂತ ನೀವೇ ಆಚೆ ಇಟ್ಟಿದ್ರಲ್ಲ!"

ವಾಗೀಶ ಟವೆಲ್ಲಿನಲ್ಲೇ ಓಡಿದ. ಪಕ್ಕದ ಕಟ್ಟಡದ ನೆತ್ತಿಯಲ್ಲಿ, ಬಿದಿರಿನ ತುದಿಯಲ್ಲಿ, ಹಸಿಮೆಣಸಿನಕಾಯಿ ನಿಂಬೆಹಣ್ಣಿನ ಸರ ಹಾಕಿಕೊಂಡು ಮುಖವಾಡ ಬೀದಿಯವರನ್ನೆಲ್ಲ ಗುರಾಯಿಸುತ್ತಿತ್ತು.

"ದೇವಿರಮ್ನೋರೇ, ಅದು ನೂರು ವರ್ಷದ್ದು! ಆಫ್ರಿಕದ್ದು!"

"ಅದ್ಕೇ ಕಣಪ್ಪ ಅಷ್ಟು ಪವರ್ರು! ಆಗ್ಲಿಂದ ಕೆಟ್ಟು ನಿಂತಿದ್ದ ಮಿಕ್ಸರ್ ಮಿಷನ್ನು, ಅದನ್ನ ಕಟ್ದೇಟ್ಗೇ ಗುಡುಗುಡು ಅಂತ ತಿರುಗ್ತಾ ಅದೆ. ಇನ್ನು ಗೃಹಪ್ರವೇಶದ ತಂಕ ಇಳಿಸ್ಬಾರ್ದು."

"ಬೇರೆ ಗೊಂಬೆ ತಂದ್ಕೊಡ್ತೀನಿ ಅಮ್ಮ."

"ತಂದು ನಿಮ್ಮನೇಗೇ ಕಟ್ಕೊ. ಮೊದ್ಲು ಆ ಟವೆಲ್ನ ಭದ್ರವಾಗಿ ಹಿಡ್ಕೊ."

ವಾಗೀಶ ಪೇಟೆಗೆ ಸ್ಕೂಟರ್ ಓಡಿಸಿ, ನಾಲಿಗೆ ಚಾಚಿದ ಮೀಸೆಯ ಗೊಂಬೆಯೊಂದನ್ನು ತಂದ. ಕೆಲಸದವರು ಊಟಕ್ಕೆ ಇಳಿದದ್ದೇ ತಡ, ಏಣಿ ಹತ್ತಿ, ಎರಡನ್ನೂ ಅದಲು ಬದಲು ಮಾಡಿದ. ತಿರುಗುವಾಗ ಬಲಗಾಲು ಹಸಿ ಕಾಂಕ್ರೀಟಿನಲ್ಲಿ ಹೂತುಹೋಯಿತು. ಎಳೆದಾಗ ಕಾಲೇನೋ ಬಂತು, ಚಪ್ಪಲಿ ಬರಲಿಲ್ಲ. ಹೋದರೆ ಹೋಗಲಿ ಎಂದು ಇಳಿದು, ಮುಖವಾಡವನ್ನು ಒರೆಸಿ ಷೋಕೇಸಿನಲ್ಲಿ ಕೂರಿಸಿದಾಗ ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು.

ಸಂಘಮಿತ್ರ ಹೇಳಿದ ಹೊತ್ತಿಗೇ ಬಂದರು. ಆದರೆ ಗೇಟಿನಲ್ಲಿ ಕೈಮುಗಿದು ನಿಂತ ವಾಗೀಶನನ್ನು ದಾಟಿ ಕಾರು ನಿಂತದ್ದು ದೇವಿರಮ್ಮನ ಮನೆ ಮುಂದೆ.

"ಅಮ್ಮಾ, ಬೆಳಿಗ್ಗೆ ಈ ರಸ್ತೇಲಿ ಹೋಗೋವಾಗ ನೋಡ್ದೆ. ಆಫ್ರಿಕದ ಮುಖವಾಡಕ್ಕೆ ಮೆಣಸಿನಕಾಯಿ ಸರ! ಎಲ್ಲರೂ ಅಂಥದ್ದನ್ನ ಗಾಜಿನೊಳಗಿಟ್ಟು ಸಾಯಿಸ್ತಾರೆ, ನೀವು ಅದಕ್ಕೆ ಕೆಲಸ ಕೊಟ್ಟಿದ್ದೀರ. ಇದಕ್ಕೇ ಕಲೆ ಅನ್ನೋದು. ನಮ್ಮ ಪ್ರದರ್ಶನಕ್ಕೆ ಕೊಡ್ತೀರಾ?"

ದೇವಿರಮ್ಮ ಹೆಮ್ಮೆಯಿಂದ ಕತ್ತೆತ್ತಿದರೆ, ಮೇಲಿದ್ದ ಮೀಸೆಯ ಗೊಂಬೆ ನಾಲಿಗೆ ಚಾಚಿತ್ತು. ಅಷ್ಟರಲ್ಲಿ ಊಟ ಮುಗಿಸಿ ಹತ್ತಿದ ಮೇಸ್ತ್ರಿ ರಾಜೇಶ ಕೂಗಿದ: "ಅಮ್ಮೋ, ಯಾರೋ ಗೊಂಬೆ ಕದ್ಬುಟ್ಟವ್ರೆ! ಕಳ್ಳನ ಚಪ್ಪಲಿ ಇಲ್ಲೇ ಕಚ್ಕೊಂಡದೆ!"

ಸಿಮೆಂಟಿನ ಒಂಟಿ ಹೆಜ್ಜೆಗಳು ಏಣಿಯ ಬುಡದಿಂದ ಹೊರಟು, ವಾಗೀಶನ ಗೇಟು ದಾಟಿ, ಹಾಲಿನೊಳಗೆ ಹೋಗಿ, ಷೋಕೇಸಿನ ಮುಂದೆ ನಿಂತಿದ್ದವು. ಅವುಗಳ ಹಿಂದೆಯೇ ಎಲ್ಲರೂ ಬಂದರು.

"ಪಕ್ಕದ್ಮನೆ ದೃಷ್ಟಿಗೊಂಬೆ ಕದ್ದು ಸಂಗ್ರಹ ಅಂತೀರೇನ್ರೀ?" ಸಂಘಮಿತ್ರ ಕನ್ನಡಕ ತೆಗೆದರು. "ಉಳಿದವು ಯಾರ್ಯಾರ ಮನೇವು?"

"ನಂದೇ ಮೇಡಂ ಅದು! ಧರಣೀ, ಹೇಳೇ!"

ಧರಣಿ ಸುಳ್ಳು ಹೇಳುವವಳಲ್ಲ. "ಇವ್ರದ್ದೇ ಆಗಿತ್ತು. ಬೆಳಿಗ್ಗೆ ನಾನೇ ದೇವಿರಮ್ಮನೋರಿಗೆ ಮನಸಾರೆ ಕೊಟ್ಟೆ. ಕೊಟ್ಟ ಮೇಲೆ ಅವ್ರದ್ದೇ ಅಲ್ವಾ?"

ಅಲ್ಲಿಗೆ ತೀರ್ಮಾನವಾಯಿತು. ಮುಖವಾಡ ಮತ್ತೆ ಬಿದಿರು ಏರಿತು. ಗೃಹಪ್ರವೇಶವಾದ ಮೇಲೆ ಪ್ರದರ್ಶನಕ್ಕೆ, ಅದೂ ದೇವಿರಮ್ಮನ ಹೆಸರಿನಲ್ಲಿ. ತಾರಸಿ ಮುಗಿದ ಸಂತೋಷಕ್ಕೆ ದೇವಿರಮ್ಮ ಬೀದಿಗೆಲ್ಲ ಕೇಸರಿಬಾತ್ ಹಂಚಿದರು. ಕಳ್ಳನಿಗೂ ಒಂದು ಸೌಟು ಹೆಚ್ಚಿಗೇ ಬಡಿಸಿದರು.

ಬಾಯಿ ಸಿಹಿಯಾದಾಗ ವಾಗೀಶನಿಗೆ ಷರತ್ತು ನೆನಪಾಯಿತು. "ತಿಳಿದೋರು ಕಲೆ ಅಂದ್ರಲ್ಲೇ! ಇನ್ನು ಯಾವುದನ್ನೂ ಅಟ್ಟಕ್ಕೆ ಹಾಕೋ ಹಾಗಿಲ್ಲ."

"ಖಂಡಿತ ಹಾಕಲ್ಲ ಕಣ್ರೀ," ಎಂದು ಧರಣಿ ನಗುತ್ತ ಬಾಗಿಲು ತೆಗೆದಳು. ಮುಖವಾಡದ ಪವರ್ರಿನ ಸುದ್ದಿ ಕೇಳಿ, ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿದ್ದವರೆಲ್ಲ ಗೇಟಿನಲ್ಲಿ ಸಾಲಾಗಿ ನಿಂತಿದ್ದರು.

"ಬನ್ನಿ, ಬನ್ನಿ. ಪಾಯ ತೋಡಿಸ್ತಿರೋರು ಯಾರು? ಬಾಲಿ ರಾಕ್ಷಸ ತಗೊಂಡ್ಹೋಗಿ. ಹಲ್ಲು ಜಾಸ್ತಿ ಇದೆ, ದೃಷ್ಟಿ ಹತ್ರಾನೂ ಸುಳಿಯಲ್ಲ."