ದೀಕ್ಷೆಯಿಲ್ಲದ ಗೊಂಬೆ

ಹೆದರಿಕೆ ನನಗೆ ತವರಿನಿಂದ ಬಂದ ಬಳುವಳಿ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ಮರಳಿ ಬಂದವಳು ನಾನು. ಬಂದ್ ಇದ್ದದ್ದನ್ನು ಕಣ್ಣಾರೆ ಕಂಡು ಬಸ್ ಸ್ಟ್ಯಾಂಡ್ ಮುಟ್ಟಿ, ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮರಳಿದವಳೂ ನಾನೇ. ಇಂಥವಳು ಐವತ್ತರ ಹತ್ತಿರ ಬಂದು ಕಾರು ಕಲಿತಳೆಂದರೆ ಆಳಂದದಲ್ಲಿ ಇಂದಿಗೂ ನಂಬದವರಿದ್ದಾರೆ. ಆದರೆ ಕಲಿಯದೆ ಗತಿ ಇರಲಿಲ್ಲ. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ಕಡಗಂಚಿಯ ಆಚೆಗಿದೆ. ನಮ್ಮ ಯಜಮಾನರಿಗೆ ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತದೆ. ಅತ್ತೆಗೋ, ಯಡ್ರಾಮಿಯಲ್ಲಿರುವ ಮಗಳ ಮುಖವನ್ನು ತಿಂಗಳಿಗೊಮ್ಮೆ ನೋಡದಿದ್ದರೆ ರೊಟ್ಟಿ ಗಂಟಲಿಗೆ ಇಳಿಯುವುದಿಲ್ಲ.

ಕಾರು ಕೊಳ್ಳುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಸುರಕ್ಷಿತವೇ? ಶೋರೂಮಿನ ಹುಡುಗಿ ಹೇಳಿದಳು, "ಮೇಡಂ, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇರಲೇಬೇಕಂತ ಸರ್ಕಾರದ್ದೇ ನಿಯಮ ಅದರಿ. ಗಾಡಿ ತಗೊಂಡ್ ಹೋಗಿ ಗೋಡಿಗಿ ಗುದ್ದಸ್ತಾರ. ಒಳಗ ಗೊಂಬಿ ಕೂಡ್ಸಿರ್ತಾರ. ಅದರ ತಲಿ, ಎದಿ, ಮೊಣಕಾಲಿಗಿ ಎಷ್ಟ್ ಪೆಟ್ಟಾತು ಅಂತ ಅಳದು ನೋಡೇ ಪಾಸ್ ಮಾಡೋದು." ಸರ್ಕಾರವೇ ಗೋಡೆಗೆ ಗುದ್ದಿಸಿ ನೋಡಿದೆ ಎಂದ ಮೇಲೆ ನಾನೇಕೆ ಹೆದರಲಿ? ಒಂದು ವಾರ ನಿಶ್ಚಿಂತೆಯಿಂದಿದ್ದೆ. ನನ್ನ ಜೀವಮಾನದಲ್ಲಿ ಅದೊಂದು ದಾಖಲೆ.

ಎಂಟನೆಯ ದಿನ ಆ ಪರೀಕ್ಷೆಯ ವಿಡಿಯೋ ಫೋನಿನಲ್ಲಿ ನೋಡಿದೆ. ನೋಡಬಾರದಿತ್ತು. ಗೊಂಬೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲು ಕೆಳಗೂರಿ, ಎದೆಗೆ ಬೆಲ್ಟು ಬಿಗಿದುಕೊಂಡು ಕುಳಿತಿತ್ತು. ನಮ್ಮ ಸಂಬಂಧಿಕರಲ್ಲಿ ಒಬ್ಬರೂ ಹಾಗೆ ಕುಳಿತದ್ದನ್ನು ನಾನು ಕಂಡಿಲ್ಲ. ಕಾರು ಗೋಡೆಗೆ ಬಡಿಯಿತು, ಕಣ್ಣು ಮಿಟುಕಿಸುವುದರೊಳಗೆ ಗಾಳಿಚೀಲ ಸಿಡಿದು ಉಬ್ಬಿತು, ಗೊಂಬೆಯ ಮುಖ ಎದೆಯೆಲ್ಲ ಅದರಲ್ಲಿ ಹೂತುಹೋಯಿತು. ಕೂಡಲೇ ನನಗೆ ನಮ್ಮ ಅತ್ತೆ ನೆನಪಾದರು. ಅವರು ಮುಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿಯೇ ಕೂರುವುದು. ತೊಡೆಯ ಮೇಲೆ ಮಗಳಿಗೆಂದು ಮಾಡಿದ ಶೇಂಗಾ ಹೋಳಿಗೆಯ ಸ್ಟೀಲ್ ಡಬ್ಬಿ. ಎದೆಯ ನಟ್ಟನಡುವೆ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ, ಲಿಂಬೆಹಣ್ಣಿಗಿಂತ ದೊಡ್ಡದು, ಗಟ್ಟಿ ಬೆಳ್ಳಿ. ಆ ಚೀಲ ಅಷ್ಟು ರಭಸದಿಂದ ಬಂದು ಕರಡಿಗೆಗೆ ಬಡಿದರೆ, ಕರಡಿಗೆ ಎಲ್ಲಿಗೆ ಹೋಗಬೇಕು? ಎಂಬತ್ತರ ಹತ್ತಿರದ ಎದೆಗೂಡಿನೊಳಗೇ ಹೋಗಬೇಕು.

"ಅತ್ತೀ, ಹಿಂದಿನ ಸೀಟಿಗಿ ಕೂಡ್ರಿ" ಎಂದರೆ ಅಲ್ಲಿ ಅವರಿಗೆ ವಾಂತಿ. ಕಡಗಂಚಿ ದಾಟುವುದರೊಳಗೆ ಮೂರು ಸಲ ಗಾಡಿ ನಿಲ್ಲಿಸಬೇಕು. "ಹೋಗಲಿ, ಬೆಲ್ಟರೆ ಹಾಕ್ಕೋರಿ" ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲಿಂಗಪ್ಪನ ಮ್ಯಾಲ ಪಟ್ಟಿ ಹಾಕಿ ಬಿಗೀಬೇಕೇನ್ ಬೇ? ಅಂವೇನ್ ಓಡಿ ಹೊಂಟಾನ?"

ಬೆಲ್ಟಿಲ್ಲದೆ ಚೀಲವಷ್ಟೇ ಇದ್ದರೆ ಇನ್ನೂ ಅಪಾಯ ಎಂದು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಆ ಪುಸ್ತಕವನ್ನು ನಾನು ಪರೀಕ್ಷೆಗೆ ಓದುವವಳಂತೆ ಗೆರೆ ಎಳೆದು ಓದಿದ್ದೆ. ಮಕ್ಕಳನ್ನು ಮುಂದೆ ಕೂರಿಸಬಾರದು ಎಂದಿತ್ತು, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಬಾರದು ಎಂದಿತ್ತು, ಕರಡಿಗೆಯ ವಿಷಯ ಎಲ್ಲಿಯೂ ಇರಲಿಲ್ಲ. ಕೊನೆಗೆ ಸಂಬಂಧಪಟ್ಟ ಇಲಾಖೆಗೆ ಅರ್ಜಿ ಬರೆಯಲು ಕುಳಿತೆ. "ಮಾನ್ಯರೇ, ತಾವು ಪರೀಕ್ಷೆಗೆ ಬಳಸುವ ಗೊಂಬೆಗಳಲ್ಲಿ ಒಂದಾದರೂ ಕೊರಳಲ್ಲಿ ಬೆಳ್ಳಿಯ ಕರಡಿಗೆ ಧರಿಸಿತ್ತೇ ಎಂಬುದನ್ನು ದಯಮಾಡಿ ತಿಳಿಸಬೇಕು." ಯಜಮಾನರು ಚಹಾ ಕುಡಿಯುತ್ತ ಬಗ್ಗಿ ಓದಿ, "ಜವಾಬು ಏನ್ ಬರ್ತದಂತ ನಾನೇ ಹೇಳ್ತೇನಿ, ಸ್ಟಾಂಪ್ ಉಳಸು. 'ಸದರಿ ಗೊಂಬೆಗೆ ಲಿಂಗದೀಕ್ಷೆ ಆಗಿರುವುದಿಲ್ಲ' ಅಂತ ಬರೀತಾರ" ಎಂದರು. ನಾನು ಹಾಳೆ ಹರಿದು ಹಾಕಿದೆ. ನಗು ಬರಲಿಲ್ಲ. ಮದುವೆಯಾಗಿ ಬಂದ ನನ್ನನ್ನು, ಊರವರ ಮಾತಿಗೆ ಸೊಪ್ಪು ಹಾಕದೆ ಬಿ.ಎಡ್.ಗೆ ಕಳಿಸಿ, ನನ್ನ ಕೂಸನ್ನು ತಾವು ಎತ್ತಿ ಆಡಿಸಿದ ಹೆಂಗಸು ನಮ್ಮ ಅತ್ತೆ. ಅವರಿಗೇನಾದರೂ ಆದರೆ, ಅದೂ ನನ್ನ ಕೈಯಲ್ಲಿ ಸ್ಟೇರಿಂಗ್ ಇದ್ದಾಗ ಆದರೆ, ನಾನು ಯಾರಿಗೆ ಮುಖ ತೋರಿಸಲಿ?

ಹೆದರಿಕೆಗೆ ನನ್ನ ಬಳಿ ಇದ್ದ ಮದ್ದು ನಿಧಾನ. ಎಷ್ಟು ನಿಧಾನವೆಂದರೆ, ಹಿಂದಿನಿಂದ ಬಂದ ಎತ್ತಿನ ಬಂಡಿಯವನೊಬ್ಬ, "ಅಕ್ಕೋರೆ, ಸೈಡ್ ಕೊಡ್ರಿ" ಎಂದು ಕೇಳಿದ್ದುಂಟು. ಆದರೆ ನಾವು ನಿಧಾನ ಹೋದರೆ ಮುಂದಿನವರೂ ಸರಿಯಾಗಿ ಹೋಗಬೇಕಲ್ಲ. ಅಫಜಲಪುರಕ್ಕೆ ಒಂದು ಲಗ್ನಕ್ಕೆಂದು ಅತ್ತೆಯನ್ನು ಕೂರಿಸಿಕೊಂಡು ಹೊರಟಿದ್ದೆ. ಮುಂದೆ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರ್ ಹೇಳದೆ ಕೇಳದೆ ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಬ್ರೇಕ್ ಒತ್ತಿದೆ. ಅತ್ತೆ ಮುಗ್ಗರಿಸಿ ಮುಂದಕ್ಕೆ ಜಾರಿದರು, ಕರಡಿಗೆ ಡ್ಯಾಶ್‌ಬೋರ್ಡಿಗೆ ಟಣ್ ಎಂದು ಬಡಿಯಿತು. ಅತ್ತೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಲಗ್ನಕ್ಕೆ ಬರುವ ಮಗಳಿಗೆಂದು ಒಯ್ಯುತ್ತಿದ್ದ ಹೋಳಿಗೆಯ ಡಬ್ಬಿಯ ಮುಚ್ಚಳ ಭದ್ರ ಮಾಡಿ, ಆಮೇಲೆ ಕೇಳಿದರು:

"ನಿನ್ನ ಗಾಳಿಚೀಲ ಎಲ್ಲಿ? ಬರಲೇ ಇಲ್ಲಲ್ಲ?"

"ಇಷ್ಟಕ್ಕ ಅದು ಬರಂಗಿಲ್ರಿ ಅತ್ತೀ. ಭಾಳ ಜೋರ್ ಬಡದ್ರ ಬರ್ತದ."

"ಅಂದ್ರ ಅದು ಬರೋ ಹೊತ್ತಿಗಿ ನಾವು ಹೋಗಿರ್ತೀವಿ ಅನ್ನು."

ನಾನು ಅಲ್ಲಿಯೇ, ಟ್ರ್ಯಾಕ್ಟರಿನ ಹಿಂದೆ, ಸ್ಟೇರಿಂಗ್ ಹಿಡಿದುಕೊಂಡು ಅತ್ತುಬಿಟ್ಟೆ. ಲಗ್ನ ಮುಗಿಸಿ ಮರಳುವಾಗ ಅತ್ತೆ ಕರಡಿಗೆ ಹಿಡಿದುಕೊಂಡು ಏನೋ ಲೆಕ್ಕ ಹಾಕುತ್ತಿದ್ದರು. ಮುಂದಿನ ಸೋಮವಾರ ಮಠದ ಅಯ್ಯನವರು ಮನೆಗೆ ಬಂದಾಗ, ಪಾದಕ್ಕೆ ನೀರು ಹಾಕಿ ಕೂರಿಸಿ ನೇರವಾಗಿ ಕೇಳಿಯೇಬಿಟ್ಟರು.

"ಅಯ್ಯನೋರೆ, ಲಿಂಗಪ್ಪ ಎದಿ ಮ್ಯಾಲೇ ಇರಬೇಕೇನ್ರಿ?"

"ಹಂಗೇನಿಲ್ಲ ಯವ್ವಾ. ತಲಿ ಮ್ಯಾಲ ಕಟ್ಕೋಬಹುದು, ಕೊರಳಾಗ ಕಟ್ಕೋಬಹುದು, ಬಗಲಾಗ ಕಟ್ಕೋಬಹುದು. ಹೊಕ್ಕಳದ ಕೆಳಗ ಇಳೀಬಾರದು, ಮೈ ಬಿಟ್ಟು ಅಗಲಬಾರದು. ಹಿರೇರು ಎಲ್ಲಾ ಬರೋಬ್ಬರಿ ಹೇಳ್ಯಾರ."

ಕಾರು ಹುಟ್ಟುವ ನೂರಾರು ವರ್ಷ ಮೊದಲೇ ಇದಕ್ಕೆ ನಿಯಮ ಮಾಡಿಟ್ಟಿದ್ದರು. ನಾನು ಸುಮ್ಮನೆ ಇಲಾಖೆಗೆ ಅರ್ಜಿ ಬರೆಯಲು ಹೋಗಿದ್ದೆ.

ಅಯ್ಯನವರು ಹೋದ ಮೇಲೆ ಅತ್ತೆಯ ಪರೀಕ್ಷೆ ಶುರುವಾಯಿತು. ಅಂಗಳದಲ್ಲಿ ನಿಂತಿದ್ದ ಕಾರಿನಲ್ಲಿ ಕುಳಿತು ನನ್ನ ಕೈಯಿಂದ ಬೆಲ್ಟು ಹಾಕಿಸಿಕೊಂಡರು. ಅದು ಎಡಹೆಗಲಿನಿಂದ ಬಲಸೊಂಟಕ್ಕೆ ಬರುವುದನ್ನು ಬೆರಳಿನಿಂದ ಅಳೆದರು. ಇಳಿದು ಒಳಗೆ ಹೋಗಿ ಕರಡಿಗೆ ತೆಗೆದಿಟ್ಟು, ಲಿಂಗವನ್ನು ಮೆತ್ತನೆಯ ಬಿಳಿ ವಸ್ತ್ರದಲ್ಲಿ ಸುತ್ತಿ ಎಡಬಗಲಿಗೆ ಕಟ್ಟಿಕೊಂಡು ಬಂದು ಕುಳಿತರು. "ಇಲ್ಲಿ ಒತ್ತತದ" ಎಂದು ಮತ್ತೆ ಇಳಿದರು. ಬಲಬಗಲಿಗೆ ಕಟ್ಟಿ ಮತ್ತೆ ಬಂದರು. ಮೈ ಮುಂದಕ್ಕೆ ಎಸೆದು ನೋಡಿದರು, ಹಿಂದಕ್ಕೆ ಒರಗಿ ನೋಡಿದರು, ಕಾಲು ಮಡಚಿಕೊಂಡು ಒಮ್ಮೆ, ಇಳಿಬಿಟ್ಟುಕೊಂಡು ಒಮ್ಮೆ. ಅವರ ಮದುವೆಯಾದಾಗಿನಿಂದ ಎದೆ ಬಿಟ್ಟು ಇಳಿಯದ ಆ ಬೆಳ್ಳಿಯ ಕರಡಿಗೆ ದೇವರ ಮಾಡದಲ್ಲಿ ಒಂಟಿಯಾಗಿ ಕುಳಿತದ್ದನ್ನು ಕಂಡು ನನಗೇ ಹೇಗೋ ಆಯಿತು.

ಮೊನ್ನೆ ಯಡ್ರಾಮಿಗೆ ಹೊರಟೆವು. ಅತ್ತೆ ಕಾಲು ಕೆಳಗೂರಿ, ಬೆನ್ನು ನೆಟ್ಟಗೆ ಮಾಡಿ, ಡಬ್ಬಿಯನ್ನು ಹಿಂದಿನ ಸೀಟಿಗೆ ದಾಟಿಸಿ, ಬೆಲ್ಟು ಬಿಗಿಸಿಕೊಂಡರು. ನನ್ನ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಕೀಲಿ ತಿರುವಬೇಕು, ಅಷ್ಟರಲ್ಲಿ ಅತ್ತೆ ಕುತ್ತಿಗೆ ಹೊರಳಿಸಿ ನನ್ನ ಹೆಗಲು ನೋಡಿದರು.

"ನಂದಾತು. ನಿಂದೆಲ್ಲಿ?"

ಓದುಗರೇ, ಈಗ ನಿಜ ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಗೆ ಜಡತ್ವದ ಪಾಠ ಮಾಡುವ ನಾನು, ಗಂಜಿ ಹಾಕಿದ ಕಾಟನ್ ಸೀರೆ ಮುದುಡುತ್ತದೆಂದು, ಕಾರು ಕೊಂಡ ಎರಡನೆಯ ತಿಂಗಳಿನಿಂದಲೇ ಬೆಲ್ಟನ್ನು ನನ್ನ ಬೆನ್ನ ಹಿಂದಿನಿಂದ ತಂದು ಸಿಕ್ಕಿಸಿಬಿಟ್ಟಿದ್ದೇನೆ. ಬೆಲ್ಟು ಹಾಕಿಲ್ಲವೆಂದು ಕಾರು ಕಿರುಚುವುದಿಲ್ಲ, ಸೆರಗಿನ ಮರೆಯಲ್ಲಿ ಯಾರಿಗೂ ಕಾಣುವುದಿಲ್ಲ. ಗಾಳಿಚೀಲದ ಬಗ್ಗೆ ಅಷ್ಟೆಲ್ಲ ಓದಿ ಗೆರೆ ಎಳೆದವಳಿಗೆ, ಸ್ಟೇರಿಂಗಿನೊಳಗೂ ಒಂದು ಚೀಲವಿದೆ, ಅದರ ಮುಂದೆ ಕುಳಿತವಳು ನಾನೇ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

"ಸೀರಿ ಇಸ್ತ್ರಿ ಕೆಡ್ತದ್ರಿ ಅತ್ತೀ..." ಎಂದು ತೊದಲಿದೆ.

ಅತ್ತೆ ಬಲಬಗಲನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು. "ನೀ ಅಳ್ತೀದಿ ಅಂತ ಲಿಂಗಪ್ಪನೇ ಎದಿ ಬಿಟ್ಟು ಬಗಲಿಗಿ ಸರದಾನ. ನಿನ್ನ ಸೀರಿ ಇಸ್ತ್ರಿ ಅಂವಗಿಂತ ದೊಡ್ಡದೇನ್ ಬೇ?"